ಚಕ್ರ ಜಾರುವ ರೇಡಿಯೋ: ಎರಡು ವರ್ಷ ಬಳಸಿದ ಮೇಲೆ

ಮೊದಲು ದೂರನ್ನೇ ಹೇಳಿಬಿಡುತ್ತೇನೆ. ಈ ರೇಡಿಯೋದ ಸ್ಟೇಷನ್ ತಿರುಗಿಸುವ ಚಕ್ರ ಸರಿ ಇಲ್ಲ. ಬಲಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಅರ್ಧ ಹೊರಗೆ ಇಟ್ಟಿದ್ದಾರಲ್ಲ, ಅದೇ ಪ್ಲಾಸ್ಟಿಕ್ ಚಕ್ರ. ತಂದ ಮೂರನೇ ತಿಂಗಳಿಗೆ ಸಡಿಲವಾಯಿತು. ಸ್ಟೇಷನ್ ಸರಿಯಾಗಿ ಹಿಡಿಸಿ ಬೆರಳು ತೆಗೆದರೆ ಕೂದಲೆಳೆಯಷ್ಟು ಹಿಂದಕ್ಕೆ ಬರುತ್ತದೆ. ಆಮೇಲೆ ಬರೀ ಬುಸ್ಸ್ ಅನ್ನುವ ಸದ್ದು. ಪುನಃ ತಿರುಗಿಸಬೇಕು. ಈ ಸಲ ಬೇಕಾದ್ದಕ್ಕಿಂತ ಒಂಚೂರು ಮುಂದೆ ಒಯ್ದು ಬಿಡಬೇಕು. ಆಗ ಅದು ಹಿಂದೆ ಬಂದು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಎರಡು ವರ್ಷದಲ್ಲಿ ನನ್ನ ಹೆಬ್ಬೆರಳಿಗೆ ಈ ಅಂದಾಜು ಬಂದಿದೆ. ಆದರೆ 750 ರೂಪಾಯಿ ಕೊಟ್ಟು ತಂದ ವಸ್ತುವಿನ ತಪ್ಪಿಗೆ ನಾನು ಅಂದಾಜು ಕಲಿಯಬೇಕಾಯಿತಲ್ಲ ಎಂದು ಈಗಲೂ ಸಿಟ್ಟು ಬರುತ್ತದೆ.

ಬೇರೆ ಊರಿನಲ್ಲಾದರೆ ಇದು ಅಷ್ಟು ದೊಡ್ಡ ವಿಷಯ ಆಗುತ್ತಿರಲಿಲ್ಲ. ಒಂದು ಸ್ಟೇಷನ್ನಿಗೆ ಇಟ್ಟರೆ ಮುಗಿಯಿತು, ಚಕ್ರ ಮುಟ್ಟುವ ಕೆಲಸವೇ ಇಲ್ಲ. ನಮ್ಮದು ಕಾಸರಗೋಡು. ನಮ್ಮ ಮನೆಯಲ್ಲಿ ದಿನಕ್ಕೆ ಕಡಿಮೆ ಅಂದರೂ ಆರು ಸಲ ಆ ಚಕ್ರ ತಿರುಗುತ್ತದೆ.

ರೇಡಿಯೋ ತಂದದ್ದು ಅಜ್ಜಿಗೆ. ಅವರ ಹಳೆಯ ರೇಡಿಯೋ ಒಂದು ಸಿಡಿಲಿನ ರಾತ್ರಿ ಸುಟ್ಟುಹೋಗಿತ್ತು. ನನಗೆ ಆಗಷ್ಟೇ ಸ್ಕಾಲರ್‌ಶಿಪ್ ಹಣ ಬಂದಿತ್ತು. ಕಾಸರಗೋಡು ಹಳೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ತೆಗೆದುಕೊಂಡೆ. ಪಕ್ಕದಲ್ಲೇ ಬಟನ್ ಒತ್ತಿ ಸ್ಟೇಷನ್ ನೆನಪಿಡಿಸುವ ಡಿಜಿಟಲ್ ರೇಡಿಯೋ ಇತ್ತು. ಅದಕ್ಕೆ 1,600 ರೂಪಾಯಿ. ಅಷ್ಟು ನನ್ನ ಕೈಯಲ್ಲಿ ಇರಲಿಲ್ಲ. ಎಷ್ಟು ಬ್ಯಾಂಡು, ಎಷ್ಟು ವ್ಯಾಟು ಎಂಬುದೆಲ್ಲ ಡಬ್ಬದ ಮೇಲೆಯೇ ಇದೆ, ಅದನ್ನು ಬಿಡುತ್ತೇನೆ.

ನಾನು ಡಿಗ್ರಿಯಲ್ಲಿ ಫಿಸಿಕ್ಸ್ ಓದುತ್ತಿದ್ದೇನೆ. ಹಾಗಾಗಿ ಈ ಚಕ್ರದ ವಿಷಯವನ್ನು ಸ್ಕೇಲು ಹಿಡಿದೇ ನೋಡಿದ್ದೇನೆ. ಮುಂದಿನ ಗಾಜಿನಲ್ಲಿ 88ರಿಂದ 108ರವರೆಗೆ ಅಂಕೆ ಬರೆದ ಪಟ್ಟಿ ಉಂಟು. ಅದರ ಉದ್ದ ಆರೂವರೆ ಸೆಂಟಿಮೀಟರ್. ಮಂಗಳೂರು ಆಕಾಶವಾಣಿ ಇರುವುದು 100.3ರಲ್ಲಿ. ಕಣ್ಣೂರು ಆಕಾಶವಾಣಿ 101.5ರಲ್ಲಿ. ಲೆಕ್ಕ ಹಾಕಿದರೆ ಎರಡರ ನಡುವಿನ ಜಾಗ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಒಂದು ಕುಚ್ಚಲಕ್ಕಿ ಕಾಳು ಇಟ್ಟರೆ ಎರಡೂ ಸ್ಟೇಷನ್ ಮುಚ್ಚಿಹೋಗುತ್ತದೆ. ಅಷ್ಟು ಜಾಗದಲ್ಲಿ ಕೂದಲೆಳೆಯಷ್ಟು ಜಾರುವ ಚಕ್ರ ಇದ್ದರೆ ಏನಾಗುತ್ತದೆ ಹೇಳಿ?

ಇನ್ನೊಂದು ತೊಂದರೆಯೂ ಇದೆ. ನಮ್ಮ ಮನೆ ನೀರ್ಚಾಲಿನ ಹತ್ತಿರ, ಗುಡ್ಡದ ಬುಡದಲ್ಲಿ. ಇಲ್ಲಿಂದ ನೇರ ಗೆರೆ ಎಳೆದರೆ ಮಂಗಳೂರು ಸುಮಾರು 40 ಕಿ.ಮೀ. ಕಣ್ಣೂರು ಅದರ ಎರಡರಷ್ಟು ದೂರ. ಎಫ್‌ಎಂ ಅಲೆ ಗುಡ್ಡ ಸುತ್ತಿಕೊಂಡು ಬರುವುದಿಲ್ಲ, ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ಮಂಗಳೂರು ಜೋರಾಗಿ ಬರುತ್ತದೆ, ಕಣ್ಣೂರು ಸಣ್ಣಗೆ. ಕಡಿಮೆ ಬೆಲೆಯ ರೇಡಿಯೋಗಳಿಗೆ ಹತ್ತಿರದ ಜೋರು ಸ್ಟೇಷನ್ನನ್ನೂ ದೂರದ ಸಣ್ಣ ಸ್ಟೇಷನ್ನನ್ನೂ ಬೇರೆ ಮಾಡಲು ಕಷ್ಟ. ಮಂಗಳೂರಿನ ಹಾಡು ಕಣ್ಣೂರಿನ ಮಾತಿನ ಮೇಲೆ ಚೆಲ್ಲುತ್ತದೆ.

ಹಾಗಾದರೆ ಮಂಗಳೂರು ಒಂದೇ ಸಾಕಲ್ಲ, ಕನ್ನಡದವರಿಗೆ ಕಣ್ಣೂರು ಯಾಕೆ ಎಂದು ಕೇಳಬಹುದು. ನಾನೂ ಮೊದಲ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಆ ಜುಲೈಯಲ್ಲಿ ಒಂದು ವಾರ ಬಿಡದೆ ಮಳೆ ಬಂತು. ಮೂರನೇ ದಿನ ಕರೆಂಟ್ ಹೋಯಿತು. ನಾಲ್ಕನೇ ದಿನ ಮೊಬೈಲ್ ನೆಟ್‌ವರ್ಕ್ ಕೂಡ ಇಲ್ಲ. ಐದನೇ ದಿನ ನನಗೆ ಕಾಲೇಜಿನಲ್ಲಿ ಲ್ಯಾಬ್ ಪರೀಕ್ಷೆ. ಬೆಳಗ್ಗೆ ಎದ್ದು ರೇಡಿಯೋ ಹಾಕಿದೆ. ಸುದ್ದಿ ಅರ್ಧ ಆಗಿತ್ತು. ಭಾರಿ ಮಳೆಯ ಕಾರಣ ಜಿಲ್ಲೆಯ ಎಲ್ಲ ಶಾಲೆ ಕಾಲೇಜುಗಳಿಗೆ ಇಂದು ರಜೆ ಎಂದರು. ನಾನು ರೇಡಿಯೋ ಆಫ್ ಮಾಡಿ ಪುನಃ ಮಲಗಿದೆ.

ಅವರು ಹೇಳಿದ ಜಿಲ್ಲೆ ದಕ್ಷಿಣ ಕನ್ನಡ.

ಕಾಸರಗೋಡಿಗೆ ಆ ದಿನ ರಜೆ ಇರಲಿಲ್ಲ. ಪರೀಕ್ಷೆ ನಡೆಯಿತು. ನನ್ನದು ಹೋಯಿತು. ಮತ್ತೆ ಬರೆಯಲು ಅವಕಾಶ ಕೇಳುತ್ತಾ ಎರಡು ವಾರ ಅಲೆದೆ. ಅಷ್ಟು ದಿನವೂ ಆ ಮಾತು ತಲೆಯಲ್ಲೇ ಇತ್ತು. ನನ್ನ ಭಾಷೆಯಲ್ಲಿ, ಅಷ್ಟು ಸ್ಪಷ್ಟವಾಗಿ, ನಮ್ಮ ಮನೆಯ ಜಗಲಿಯಲ್ಲೇ ಕೇಳಿದ ಸುದ್ದಿ. ಅದು ನನ್ನದಾಗಿರಲಿಲ್ಲ. ನಮ್ಮ ಜಿಲ್ಲೆಯ ರಜೆ, ನಮ್ಮ ಹೊಳೆಯ ನೀರಿನ ಮಟ್ಟ, ನಮ್ಮ ರಸ್ತೆಗೆ ಗುಡ್ಡ ಜರಿದದ್ದು, ಇದೆಲ್ಲ ಸಿಗುವುದು ಆ ನಾಲ್ಕು ಮಿಲಿಮೀಟರಿನ ಆಚೆ, ಮಲಯಾಳಂನಲ್ಲಿ. ಅಲ್ಲಿ ಬದಿಯಡ್ಕ ಬದಿಯಡುಕ್ಕ ಆಗಿರುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗಿರುತ್ತದೆ. ಆದರೂ ಅದು ನಮ್ಮ ಸುದ್ದಿ. 1956ರಲ್ಲಿ ರಾಜ್ಯಗಳ ಗೆರೆ ಎಳೆದದ್ದನ್ನು ನಾನು ಶಾಲೆಯಲ್ಲಿ ಒಂದು ಪ್ಯಾರಾ ಓದಿದ್ದೆ. ಅದು ಏನೆಂದು ತಿಳಿದದ್ದು ಈ ಚಕ್ರ ತಿರುಗಿಸುವಾಗ.

ಆಮೇಲೆ ಕಣ್ಣೂರನ್ನು ಸರಿಯಾಗಿ ಹಿಡಿಸಲೇಬೇಕು ಎಂದು ಕೂತೆ. ಪಾಠದಲ್ಲಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬಂತು. 100 ಮೆಗಾಹರ್ಟ್ಸ್ ಅಲೆಯ ಉದ್ದ ಮೂರು ಮೀಟರ್. ಆಂಟೆನಾ ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಈ ರೇಡಿಯೋದ ಆಂಟೆನಾ ಪೂರ್ತಿ ಎಳೆದರೂ 48 ಮಾತ್ರ. ಉಳಿದ 27ಕ್ಕೆ ಒಂದು ತಾಮ್ರದ ತಂತಿ ಕತ್ತರಿಸಿ ತುದಿಗೆ ಸುತ್ತಿದೆ. ರೇಡಿಯೋವನ್ನು ಜಗಲಿಯ ತೆಂಕು ಮೂಲೆಗೆ, ಕಿಟಕಿಯ ದಳಿಯ ಹತ್ತಿರ ಇಟ್ಟೆ. ಕಣ್ಣೂರು ಬಂತು! ಸ್ವಲ್ಪ ಗರಗರ ಇತ್ತು, ಆದರೆ ಪ್ರತಿ ಶಬ್ದವೂ ಕೇಳುತ್ತಿತ್ತು. ಆ ದಿನದ ಖುಷಿ ನನಗೆ ಯಾವ ಪರೀಕ್ಷೆಯ ಮಾರ್ಕಿನಲ್ಲೂ ಸಿಕ್ಕಿಲ್ಲ. ಇದೇ ರೇಡಿಯೋ ಇರುವವರು ದಯವಿಟ್ಟು ಆ ತಂತಿ ಸುತ್ತಿ ನೋಡಿ.

ನಮ್ಮ ಬೆಳಗು ಹೀಗೆ. ಅಜ್ಜಿ ಒಲೆಗೆ ಬೆಂಕಿ ಹಾಕಿ, ನೀರು ಕಾಯಲು ಇಟ್ಟು ಬಂದು ರೇಡಿಯೋ ಹಾಕುತ್ತಾರೆ. ಆಕಾಶವಾಣಿಯ ಆ ಹಳೆಯ ಧುನ್ ಇದೆಯಲ್ವಾ, 1936ರಲ್ಲಿ ವಾಲ್ಟರ್ ಕೌಫ್‌ಮನ್ ಶಿವರಂಜನಿ ರಾಗದಲ್ಲಿ ಮಾಡಿದ್ದು, ಅದು ಕೇಳಿಸಿದರೆ ಅವರ ಮುಖ ಸಡಿಲಾಗುತ್ತದೆ. ಅಜ್ಜಿಯ ತವರು ಪುತ್ತೂರು ಕಡೆ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಗುವಾಗ ಅವರು ಮದುವೆಯಾಗಿ ಈ ಮನೆಗೆ ಬಂದಾಗಿತ್ತು. ಆಗ ರೇಡಿಯೋ ಇಡಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕು. ಆ ಸಣ್ಣ ಪುಸ್ತಕ ಅಜ್ಜಿಯ ಪೆಟ್ಟಿಗೆಯಲ್ಲಿ ಈಗಲೂ ಉಂಟು. ಮಂಗಳೂರು ಸ್ಟೇಷನ್ ಬಂದ ಮೇಲೆ ತವರಿನ ಸುದ್ದಿಗೆ ಕಾಗದ ಕಾಯುವುದು ಕಡಿಮೆಯಾಯಿತು ಎನ್ನುತ್ತಾರೆ. ಪುತ್ತೂರಿನ ಹೆಸರು ಬಂದರೆ ಸೌಟು ಕೈಯಲ್ಲೇ ಹಿಡಿದು ಜಗಲಿಗೆ ಬರುತ್ತಾರೆ.

ಅಪ್ಪನಿಗೆ ಬೇಕಾದದ್ದು ಕೃಷಿ ಕಾರ್ಯಕ್ರಮ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಬೋರ್ಡೋ ದ್ರಾವಣದ ಈ ಲೆಕ್ಕ ಅಪ್ಪನಿಗೆ ಬಾಯಿಪಾಠ. ಆದರೂ ರೇಡಿಯೋದಲ್ಲಿ ಯಾರಾದರೂ ಹೇಳಿದರೆ ಹೊಸದಾಗಿ ಕೇಳುವ ಹಾಗೆ ಕೂತು ಕೇಳುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲಿ ರೇಡಿಯೋ ಮಧ್ಯಾಹ್ನವೂ ನಿಲ್ಲುವುದಿಲ್ಲ. ಸಿಪ್ಪೆಯ ದೂಳೆಲ್ಲ ಸ್ಪೀಕರಿನ ಜಾಲರಿಯಲ್ಲಿ ಕೂತಿರುತ್ತದೆ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುವುದು ನನ್ನ ಕೆಲಸ.

ಶೆಲ್ಲು ಬದಲಿಸುವುದೂ ನನ್ನದೇ. ಟಾರ್ಚಿಗೆ ಹಾಕುವ ದೊಡ್ಡ ಶೆಲ್ಲು ಎರಡು. ಎರಡಕ್ಕೂ ಸೇರಿ 50 ರೂಪಾಯಿ ಹತ್ತಿರ. ಹಾಕಿದ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಇಡುತ್ತೇನೆ. ನಮ್ಮ ಬಳಕೆಗೆ ಎರಡು ತಿಂಗಳು ಬರುತ್ತದೆ. ಇದರಲ್ಲಿ ನನಗೆ ಏನೂ ದೂರಿಲ್ಲ, ಸ್ವರವೂ ಚೆನ್ನಾಗಿದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಮಾತ್ರ ಶೆಲ್ಲಿನ ಸ್ಪ್ರಿಂಗಿಗೆ ಹಸಿರು ಹಿಡಿಯುತ್ತದೆ. ಲಿಂಬೆಹುಳಿ ಹಚ್ಚಿ ಒರೆಸಿದರೆ ಹೋಗುತ್ತದೆ.

ಈಗ ನನ್ನ ಪಾಲಿನ ವಿಷಯಕ್ಕೆ ಬರುತ್ತೇನೆ. ಅಜ್ಜಿಗೆಂದು ತಂದದ್ದು ಯಾವಾಗ ನನ್ನದೂ ಆಯಿತೋ ಗೊತ್ತಿಲ್ಲ. ನಾನು ರೀಲ್ಸ್ ನೋಡುವವಳೇ. ಬಸ್ಸಿನಲ್ಲಿ ಕೂತರೆ ಕೈ ತನ್ನಷ್ಟಕ್ಕೆ ಮೊಬೈಲಿಗೆ ಹೋಗುತ್ತದೆ. ಎಷ್ಟೋ ಹಾಡುಗಳ ಹದಿನೈದು ಸೆಕೆಂಡ್ ನನಗೆ ಗೊತ್ತು. ಅದೇ ಸಾಲು, ಅದೇ ತಬಲಾ, ಅಷ್ಟೇ. ಒಂದು ರಾತ್ರಿ ರೇಡಿಯೋದಲ್ಲಿ ಅಂಥದ್ದೇ ಒಂದು ಹಾಡು ಪೂರ್ತಿ ಬಂತು. ನನಗೆ ಗೊತ್ತಿದ್ದ ಸಾಲು ಮುಗಿದ ಮೇಲೂ ಹಾಡು ಮುಂದುವರಿಯಿತು. ಎರಡನೇ ಚರಣದಲ್ಲಿ ಎಷ್ಟು ಒಳ್ಳೆಯ ಮಾತಿತ್ತು! ಇಷ್ಟು ದಿನ ಅಂಗಳದಲ್ಲೇ ನಿಂತು ಮನೆ ನೋಡಿದೆ ಅಂದುಕೊಂಡಿದ್ದೆನಲ್ಲ ಅನ್ನಿಸಿತು. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಇಷ್ಟವಾದ ಎರಡನೇ ಚರಣಗಳನ್ನು ಮಾತ್ರ ಅದರಲ್ಲಿ ಬರೆಯುತ್ತೇನೆ. ರೇಡಿಯೋದಲ್ಲಿ ಹಿಂದೆ ಹೋಗಿ ಕೇಳಲು ಆಗುವುದಿಲ್ಲ. ಒಂದು ಶಬ್ದ ತಪ್ಪಿದರೆ ಅಷ್ಟು ಜಾಗ ಬಿಟ್ಟು ಬರೆಯುತ್ತೇನೆ. ಆ ಹಾಡು ಇನ್ನೊಮ್ಮೆ ಬಂದಾಗ ತುಂಬಿಸುತ್ತೇನೆ. ಒಂದು ಜಾಗ ತುಂಬಲು ಏಳು ತಿಂಗಳು ಬೇಕಾಯಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಒಂದು ನಿಮಿಷದ ಕೆಲಸ ಎಂದು ಗೊತ್ತು. ಹುಡುಕಲು ಮನಸ್ಸಾಗಲಿಲ್ಲ.

ಮಂಗಳೂರಿನ ಖಾಸಗಿ ಸ್ಟೇಷನ್‌ಗಳೂ ಬರುತ್ತವೆ, 92.7, 93.5, 98.3. ಹೊಸ ಕನ್ನಡ ಹಾಡು ನನಗೆ ಮೊದಲು ಸಿಗುವುದು ಅಲ್ಲಿ. ಕನ್ನಡ ಸಿನಿಮಾ ನೋಡಬೇಕಾದರೆ ನಾವು ಹೆಚ್ಚಾಗಿ ಮಂಗಳೂರಿಗೇ ಹೋಗುವುದು. ರೈಲು, ಟಿಕೆಟ್, ಊಟ ಎಂದು ದೊಡ್ಡ ಖರ್ಚು. ವರ್ಷಕ್ಕೆ ಎರಡು ಸಿನಿಮಾ ಆದರೆ ಜಾಸ್ತಿ. ಉಳಿದ ಸಿನಿಮಾಗಳನ್ನು ನಾನು ಹಾಡಿನಿಂದಲೇ ನೋಡಿದ್ದೇನೆ.

ಚಕ್ರ ಜಾರುವುದರಿಂದ ಒಂದು ವಿಚಿತ್ರ ಅನುಭವವೂ ಆಗುತ್ತಿತ್ತು. ಅಜ್ಜಿ ರೇಡಿಯೋವನ್ನು ಜಗಲಿಯಿಂದ ಅಡಿಗೆಮನೆಗೆ ಒಯ್ಯುವಾಗ ಚಕ್ರಕ್ಕೆ ಕೈ ತಾಗುತ್ತದೆ. ಅಲ್ಲಿಗೆ ಹೋಗುವಾಗ ಸ್ಟೇಷನ್ ಬದಲಾಗಿರುತ್ತದೆ. ಹಾಡುತ್ತಿರುವುದು ಚಿತ್ರಾ ಆದರೆ ಬದಲಾದದ್ದು ಮೊದಲ ಆಲಾಪಕ್ಕೆ ಗೊತ್ತೇ ಆಗುವುದಿಲ್ಲ. ಯೇಸುದಾಸ್ ಆದರೂ ಹಾಗೆಯೇ. ಎರಡೂ ಕಡೆ ಅವೇ ಸ್ವರಗಳು. ಮಾತು ಶುರುವಾದ ಮೇಲೆಯೇ ತಿಳಿಯುವುದು. ಸ್ಟೇಷನ್ ಹೆಸರು ಹೇಳುವಾಗಲೂ ಎರಡೂ ಕಡೆ ಮೊದಲ ಶಬ್ದ ಆಕಾಶವಾಣಿ. ಆ ಹೆಸರು ಮೊದಲು ಬಂದದ್ದು ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಶುರು ಮಾಡಿದ ಬಾನುಲಿಗೆ. ಎರಡನೇ ಶಬ್ದ ಬರುವವರೆಗೆ ನಾವು ಯಾವ ರಾಜ್ಯದಲ್ಲಿದ್ದೇವೆ ಎಂದು ಹೇಳಲು ಆಗುವುದಿಲ್ಲ.

ಹಾಗೆ ಜಾರಿ ಜಾರಿಯೇ ನನಗೆ ಮಲಯಾಳಂ ಹಾಡುಗಳು ಬಂದವು. ನಾನು ಹನ್ನೆರಡನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮಲಯಾಳಂ ಮಾತಾಡಲು ಬರುತ್ತದೆ, ಓದುವಾಗ ಈಗಲೂ ಅಕ್ಷರ ಕೂಡಿಸಬೇಕು. ಕ್ಲಾಸಿನಲ್ಲಿ ಎಲ್ಲರೂ ಹಾಡುವಾಗ ನಾನು ಸುಮ್ನೆ ಕೂತಿರುತ್ತಿದ್ದೆ. ಕಳೆದ ಓಣಂಗೆ ಒಂದು ಹಳೆಯ ಹಾಡಿನ ಎರಡನೇ ಚರಣ ಯಾರಿಗೂ ನೆನಪಾಗಲಿಲ್ಲ. ನಾನು ಹಾಡಿದೆ. ನೀಲೇಶ್ವರದಿಂದ ಬರುವ ನನ್ನ ಗೆಳತಿ ತಿರುಗಿ ನೋಡಿದಳು. ಇದು ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ರೇಡಿಯೋ ಎಂದೆ. ಅವಳ ಮನೆಯಲ್ಲಿ ರೇಡಿಯೋ ಇಲ್ಲ.

ಮೊಬೈಲಿನಲ್ಲೇ ಎಲ್ಲ ಸ್ಟೇಷನ್ ಸಿಗುತ್ತದಲ್ಲ ಎಂದು ಅವಳು ಹೇಳಿದ್ದು ನಿಜ. ನಾನೂ ಮಾಡಿ ನೋಡಿದೆ. ಸ್ವರ ಶುದ್ಧವಾಗಿರುತ್ತದೆ, ಗರಗರ ಇಲ್ಲ. ಆದರೆ ಇಂಟರ್‌ನೆಟ್ಟಿನಲ್ಲಿ ಬರುವುದು ಹಿಂದೆ ಬೀಳುತ್ತದೆ. ಒಂದು ದಿನ ಎರಡನ್ನೂ ಒಟ್ಟಿಗೆ ಹಾಕಿ ಗಡಿಯಾರ ಇಟ್ಟೆ. ರೇಡಿಯೋದಲ್ಲಿ ಹೇಳಿದ ಸಮಯ ಮೊಬೈಲಿನಲ್ಲಿ ಅರ್ಧ ನಿಮಿಷ ಕಳೆದು ಬಂತು. ಅಜ್ಜಿ ಗೋಡೆ ಗಡಿಯಾರವನ್ನು ರೇಡಿಯೋಕ್ಕೆ ಸರಿಯಾಗಿ ಇಡುವವರು. ಅವರಿಗೆ ಇದು ಸಣ್ಣ ವಿಷಯ ಅಲ್ಲ. ಮತ್ತೆ, ಮಳೆಗೆ ಟವರ್ ನಿಂತ ದಿನ ಮೊಬೈಲು ಏನು ಮಾಡುತ್ತದೆ?

ಚಕ್ರವನ್ನು ಎರಡು ಸಲ ರಿಪೇರಿಗೆ ಕೊಟ್ಟೆ. ಮಾರಿದ ಅಂಗಡಿಯವರು ಕೈಯಲ್ಲಿ ಹಿಡಿದೂ ನೋಡಲಿಲ್ಲ, ಈ ಬೆಲೆಗೆ ಇದು ಹೀಗೆಯೇ ಎಂದರು. ನನಗೆ ಬೇಜಾರಾದದ್ದು ಆ ಮಾತಿಗೆ. ಕಡಿಮೆ ಬೆಲೆಯದ್ದು ತೆಗೆದುಕೊಳ್ಳುವವರ ಮನೆಯಲ್ಲೇ ಅಲ್ಲವೇ ಒಂದು ವಸ್ತು ಹತ್ತು ವರ್ಷ ಬಾಳಬೇಕಾದದ್ದು? ಬದಿಯಡ್ಕದಲ್ಲಿ ವಾಚು ರಿಪೇರಿ ಮಾಡುವ ಒಬ್ಬರು ಬಿಚ್ಚಿ ನೋಡಿದರು. ಚಕ್ರದ ನಡುವಿನ ಸ್ಕ್ರೂ ಸಡಿಲ, ಪ್ಲಾಸ್ಟಿಕ್ಕಿನ ತೂತು ಸವೆದಿದೆ ಎಂದರು. ಒಂದು ತೆಳು ವಾಷರ್ ಹಾಕಿ ಬಿಗಿ ಮಾಡಿದರು. 20 ರೂಪಾಯಿ ತೆಗೆದುಕೊಂಡರು. ನಾಲ್ಕು ತಿಂಗಳು ಸರಿ ಇತ್ತು, ಮತ್ತೆ ಜಾರಲು ಶುರು. ಎರಡನೇ ಸಲವೂ ಅವರೇ ಮಾಡಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಒಂದು ರೂಪಾಯಿಯ ವಾಷರನ್ನು ತಯಾರು ಮಾಡುವವರೇ ಹಾಕಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ.

ಕೊನೆಗೆ ನಾನು ಉಗುರಿನ ಬಣ್ಣದಿಂದ ಗಾಜಿನ ಮೇಲೆ ಎರಡು ಚುಕ್ಕೆ ಇಟ್ಟೆ. ಮಂಗಳೂರಿಗೆ ಕೆಂಪು, ಕಣ್ಣೂರಿಗೆ ನೀಲಿ. ಚುಕ್ಕೆಗಳು ಒಂದಕ್ಕೊಂದು ತಾಗಿಯೇ ಇವೆ, ಅಷ್ಟು ಹತ್ತಿರ. ಅಜ್ಜಿಗೆ ತೋರಿಸಿಕೊಟ್ಟೆ. ಅವರು ನೀಲಿ ಚುಕ್ಕೆ ನೋಡಿ, ನನಗೆ ಮಲೆಯಾಳ ಎಂತಕ್ಕೆ ಎಂದರು. ಅವರಿಗೆ ಕನ್ನಡ, ತುಳು ಬರುತ್ತದೆ. ಮಲಯಾಳಂ ಅಲ್ಲಲ್ಲಿ ಒಂದು ಶಬ್ದ ತಿಳಿಯುತ್ತದೆ ಅಷ್ಟೇ.

ಒಂದೇ ಸ್ಟೇಷನ್ ಕೇಳುವವರು ಇದನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಸ್ವರಕ್ಕೂ ಶೆಲ್ಲಿಗೂ ಐದರಲ್ಲಿ ನಾಲ್ಕು ಕೊಡುತ್ತೇನೆ. ತಲಪಾಡಿ ಗಡಿಯಿಂದ ತೆಂಕಿಗೆ ಇರುವವರು, ಎರಡು ಸ್ಟೇಷನ್ ಬೇಕಾದವರು, ಇನ್ನೊಂದು ಐದಾರು ತಿಂಗಳು ಹಣ ಕೂಡಿಸಿ ಬಟನ್ ಇರುವುದನ್ನೇ ತೆಗೆದುಕೊಳ್ಳಿ. ಚಕ್ರಕ್ಕೆ ನಾನು ಒಂದು ಕೂಡ ಕೊಡುವುದಿಲ್ಲ. ನನ್ನ ಕೈಗೆ ಈಗ 1,600 ರೂಪಾಯಿ ಸಿಕ್ಕರೆ ನಾನೂ ಹೊಸದನ್ನು ತರಬಹುದು. ಅಜ್ಜಿ ಬೇಡ ಎನ್ನುತ್ತಿದ್ದಾರೆ.

ಈ ಸಲದ ಮಳೆಗೆ ಮತ್ತೆ ಎರಡು ದಿನ ಕರೆಂಟ್ ಇರಲಿಲ್ಲ. ಬೆಳಗ್ಗೆ ಕತ್ತಲೆಯಲ್ಲೇ ನನಗೆ ಎಚ್ಚರವಾಯಿತು. ಮಾಡಿನ ಮೇಲೆ ಮಳೆಯ ಸದ್ದು. ಅದರ ನಡುವೆ ಜಗಲಿಯಿಂದ ಬುಸ್ಸ್ ಅನ್ನುವ ಸದ್ದು, ಒಂದು ತುಂಡು ಹಾಡು, ಪುನಃ ಬುಸ್ಸ್. ಅಜ್ಜಿ ಟಾರ್ಚ್ ಹಿಡಿದು ಚಕ್ರ ತಿರುಗಿಸುತ್ತಿದ್ದರು. ಆಮೇಲೆ ಸಣ್ಣಗೆ ಮಲಯಾಳಂ ವಾರ್ತೆ. ಮಲಯಾಳಂನಲ್ಲಿ ರಜೆಗೆ ಅವಧಿ ಎನ್ನುತ್ತಾರೆ. ನಾನು ಚಾಪೆಯಿಂದ ಏಳುವ ಮೊದಲೇ ಅವರು ಬಾಗಿಲಿಗೆ ಬಂದರು.

"ಕಾಸರಗೋಡಿಗೆ ಅವಧಿ ಉಂಟಂತೆ," ಎಂದರು. "ನೀನು ಮಲಗು ಪುಳ್ಳಿ."